ವಾರಕ್ಕೊಂದು ಪುಡಿ: ವಿಟಮಿನ್ ಡಿ ಬಗ್ಗೆ ಎರಡು ಮಾತು

ನಾನು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಭಾಷಣ ಮಾಡಿ ರೂಢಿಯಿಲ್ಲ. ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ.

ನಮ್ಮತ್ತೆಗೆ ಮಂಡಿನೋವು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 9 ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ. ಡಾಕ್ಟರು 60,000 ಯೂನಿಟ್ಟಿನ ಪುಡಿ ಬರೆದರು, ವಾರಕ್ಕೊಂದು, ಎಂಟು ವಾರ. ನಾನು ಆಗ ಊರಿಗೆ ಹೋಗಿದ್ದೆ. ಹಾಲಿನಲ್ಲಿ ಕದಡಿ ಕುಡಿಯುವ ಪುಡಿ ತಾನೇ ಎಂದು ಅತ್ತೆ ದಿನಕ್ಕೊಂದು ತೆಗೆದುಕೊಂಡರು. ಮುಗಿದಾಗ ಮಗ ಅದೇ ಚೀಟಿ ತೋರಿಸಿ ಮತ್ತೆ ತಂದ. ಹೀಗೆ ನಲವತ್ತು ದಿನ! ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್. ಒಂದು ಪುಡಿ ಅಂದರೆ ನೂರು ದಿನದ ಪಾಲು. ಲೆಕ್ಕ ಹಾಕಿ, ಹೆಚ್ಚುಕಡಿಮೆ ಹನ್ನೊಂದು ವರ್ಷದ್ದು ಹೊಟ್ಟೆಗೆ ಹೋಗಿತ್ತು.

ನಾನು ಬಂದಾಗ ಅವರಿಗೆ ಊಟ ಸೇರುತ್ತಿರಲಿಲ್ಲ. ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ. ವಯಸ್ಸಾಯಿತು ಅಂದುಕೊಂಡೆವು. ಒಂದು ದಿನ ನನ್ನನ್ನೇ ಯಾರು ನೀನು ಅಂದರು. ಆಸ್ಪತ್ರೆಗೆ ಸೇರಿಸಿದೆವು. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು, ಕಿಡ್ನಿ ಸೋಲುತ್ತಿತ್ತು. ವಿಟಮಿನ್ ಡಿ 150 ದಾಟಿತ್ತು. ಪುಡಿ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ನಿಲ್ಲಿಸಿ ಸಲೈನ್ ಹಾಕಿದರು, ಸ್ಟೆರಾಯ್ಡ್ ಕೊಟ್ಟರು. ಇದು ಬಿ ವಿಟಮಿನ್ನಿನಂತೆ ಮೂತ್ರದಲ್ಲಿ ಹೋಗಿಬಿಡುವುದಲ್ಲ. ಕೊಬ್ಬಿನಲ್ಲಿ ಕೂತು ನಿಧಾನವಾಗಿ ಹೊರಬರುತ್ತದೆ. ಸರಿಹೋಗಲು ವಾರಗಳೇ ಬೇಕಾದವು.

ಹಾಗಂತ ಕೊರತೆ ಸುಳ್ಳಲ್ಲ. ಇಷ್ಟು ಬಿಸಿಲಿರುವ ಸೂರತ್ತಿನಲ್ಲಿ ಯಾಕೆ ಎಂದು ಕೇಳುತ್ತೀರಿ. ನಾವು ಬಿಸಿಲಿನಲ್ಲಿ ಇರುತ್ತೇವೆಯೇ? ಬೆಳಿಗ್ಗೆ ಅಡುಗೆಮನೆ, ಮಧ್ಯಾಹ್ನ ಫ್ಲಾಟು, ಗಂಡಸರಿಗೆ ಜಿಐಡಿಸಿಯ ಶೆಡ್ಡು. ಕಿಟಕಿಯ ಗಾಜಿನಿಂದ ಬರುವ ಬಿಸಿಲು ಇದಕ್ಕೆ ಉಪಯೋಗವಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ನಮ್ಮಂಥ ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು, ವಯಸ್ಸಾದ ಚರ್ಮ ಕಡಿಮೆ ತಯಾರಿಸುತ್ತದೆ. ಸಸ್ಯಾಹಾರದಲ್ಲಿ ಸಿಗುವುದು ಬಹಳ ಕಡಿಮೆ. ಹಾಲು, ಎಣ್ಣೆ ಪ್ಯಾಕೆಟ್ ಮೇಲೆ +ಎಫ್ ಗುರುತಿದ್ದರೆ ಎ ಮತ್ತು ಡಿ ಸೇರಿಸಿದ್ದಾರೆ ಎಂದು ಅರ್ಥ.

ಆಸ್ಪತ್ರೆಯಲ್ಲಿ ಮಲಗಿರುವವರ ವಿಷಯ ಸ್ವಲ್ಪ ಬೇರೆ. ಡಿ ಮೊದಲು ಲಿವರಿನಲ್ಲಿ, ಆಮೇಲೆ ಕಿಡ್ನಿಯಲ್ಲಿ ಬದಲಾದ ಮೇಲೇ ಕೆಲಸಕ್ಕೆ ಬರುತ್ತದೆ. ಹಾಗಾಗಿ ಆ ಎರಡು ಕಾಯಿಲೆಯವರಿಗೆ, ಟಿಬಿಗೆ ರಿಫಾಂಪಿಸಿನ್ ಅಥವಾ ಫಿಟ್ಸಿಗೆ ಫೆನಿಟಾಯಿನ್ ತೆಗೆದುಕೊಳ್ಳುವವರಿಗೆ ಕೊರತೆ ಬರುವುದು ಹೆಚ್ಚು. ಜೋರು ಜ್ವರ, ಸೋಂಕು ಇದ್ದಾಗಲೂ ರಿಪೋರ್ಟಿನಲ್ಲಿ ಅಂಕಿ ಇಳಿದು ಕಾಣುತ್ತದೆ. ಅದನ್ನು ನೋಡಿ ಗಾಬರಿಯಿಂದ ದೊಡ್ಡ ಡೋಸು ಕೊಡಿಸಿ ಎಂದು ಡಾಕ್ಟರ ಬೆನ್ನು ಹತ್ತಬೇಡಿ. ಅಮೆರಿಕದಲ್ಲಿ ಡಿ ಕಡಿಮೆಯಿದ್ದ, ಪ್ರಾಣಾಪಾಯದಲ್ಲಿದ್ದ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಒಂದೇ ಸಲ 5,40,000 ಯೂನಿಟ್ ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಬಂತು: 90 ದಿನದೊಳಗಿನ ಸಾವು ಅದರಿಂದ ಕಡಿಮೆಯಾಗಲಿಲ್ಲ. ಆರೋಗ್ಯವಾಗಿರುವವರೆಲ್ಲ ಸುಮ್ಮನೆ ಈ ಪರೀಕ್ಷೆ ಮಾಡಿಸಬೇಕಾಗಿಲ್ಲ ಎಂದು 2024ರಲ್ಲಿ ಅಲ್ಲಿನ ಎಂಡೋಕ್ರೈನ್ ಸೊಸೈಟಿಯೂ ಹೇಳಿದೆ. ನಮ್ಮಲ್ಲಿ ಮಾತ್ರ ಪ್ಯಾಕೇಜು ಚೆಕಪ್ ಅಂದರೆ ಮೊದಲು ಅದೇ!

ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿ ನುಂಗುತ್ತಿರುವ ಎಲ್ಲ ಪುಡಿ, ಮಾತ್ರೆಗಳ ಖಾಲಿ ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಹಾಕಿಸಿಕೊಂಡ ಇಂಜೆಕ್ಷನ್ ನೆನಪಿಟ್ಟು ಹೇಳಿ, ಒಂದರಲ್ಲೇ ಆರು ಲಕ್ಷ ಯೂನಿಟ್ ಇರುವುದೂ ಉಂಟು. ವಾರ್ಡಿನಲ್ಲಿ ಕೇಳಿದಾಗ ಮನೆಯವರು ಬಿಪಿ, ಶುಗರ್ ಮಾತ್ರೆ ಹೇಳುತ್ತಾರೆ; ವಿಟಮಿನ್ ಹೇಳುವುದಿಲ್ಲ, ಅದು ಔಷಧಿಯೇ ಅಲ್ಲ ಅನ್ನುವ ಹಾಗೆ. ನಾವೂ ಹೇಳಿರಲಿಲ್ಲ. ಮೂರನೇ ದಿನ ಮಗನ ಬ್ಯಾಗಿನಲ್ಲಿ ಹರಿದ ಪೊಟ್ಟಣ ಸಿಕ್ಕಿದ ಮೇಲೇ ಕಾರಣ ತಿಳಿದದ್ದು.

ಅತ್ತೆ ಈಗ ಚೆನ್ನಾಗಿದ್ದಾರೆ, ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಹಾಲಿನ ಲೋಟ ಕೊಟ್ಟರೆ ಏನಾದರೂ ಕದಡಿದ್ದೀಯಾ ಅಂತ ಮೊದಲು ಕೇಳುತ್ತಾರೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಚೀಟಿ ಇದ್ದು ವಾರಕ್ಕೋ ದಿನಕ್ಕೋ ಗೊತ್ತಾಗದಿದ್ದರೆ, ಊಟದ ಹೊತ್ತಿಗೆ ತನ್ನಿ, ಒಟ್ಟಿಗೆ ಓದೋಣ.