ಕಿವಿಯೊಳಗಿನ ಧ್ವನಿ, ಚೀನಾದ ಸೂಜಿ

ನಾನು ಇಲ್ಲಿ ಕೂತು ನಿಮ್ಮ ಜೊತೆ ಮಾತಾಡ್ತಿರುವಾಗ ನನ್ನ ಕಿವಿಯಲ್ಲಿ ಇನ್ನೊಬ್ಬರು ಮಾತಾಡ್ತಿರ್ತಾರೆ. ಅದು ನಿಮಗೆ ಕೇಳಿಸಲ್ಲ. 'ಇನ್ನು ಮೂವತ್ತು ಸೆಕೆಂಡ್', 'ಬ್ರೇಕ್ ತಗೊಳ್ಳಿ', 'ಆ ಪ್ರಶ್ನೆ ಸಾಕು, ಮುಂದಕ್ಕೆ ಹೋಗಿ'. ಕಂಟ್ರೋಲ್ ರೂಮಿನಿಂದ ಬರುವ ಧ್ವನಿ ಅದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಲೆ ಚಿಟ್ಟು ಹಿಡಿದು ಹೋಗ್ತಿತ್ತು. ಆದರೂ ಒಂದು ಸಮಾಧಾನ ಇತ್ತು. ಬುಲೆಟಿನ್ ಮುಗಿದ ಮೇಲೆ ಇಯರ್‌ಪೀಸ್ ಕಿತ್ತು ಮೇಜಿನ ಮೇಲಿಟ್ಟರೆ ಧ್ವನಿ ನಿಲ್ಲುತ್ತೆ.

ಕಿತ್ತಿಡೋಕೆ ಇಯರ್‌ಪೀಸೇ ಇಲ್ಲದಿದ್ದರೆ?

ಕಳೆದ ವಾರ ಹಾಸನದ ಕಡೆಯ ಒಬ್ಬ ತಾಯಿ ನಮ್ಮ ಕಾರ್ಯಕ್ರಮಕ್ಕೆ ಒಂದು ಪ್ರಶ್ನೆ ಕಳಿಸಿದ್ದರು. ಅವರ ಮಗನಿಗೆ ಎರಡು ವರ್ಷದಿಂದ ಯಾರೋ ಮಾತಾಡಿದ ಹಾಗೆ ಕೇಳಿಸುತ್ತಂತೆ. ಬೈತಾರಂತೆ, ಅಣಕಿಸ್ತಾರಂತೆ. ಮಾತ್ರೆ ಕೊಟ್ಟ ಮೇಲೆ ಧ್ವನಿ ಕಡಿಮೆಯಾಗಿದೆ. ಆದರೆ ಹುಡುಗ ದಪ್ಪ ಆಗಿದ್ದಾನೆ, ಹಗಲೆಲ್ಲಾ ನಿದ್ದೆ. 'ಚೀನಾದ ಸೂಜಿ ಚಿಕಿತ್ಸೆ, ಅಲ್ಲಿನ ಗಿಡಮೂಲಿಕೆ ಕಷಾಯ ಕೊಡಿಸಿ, ಮಾತ್ರೆ ಬಿಡಬಹುದು ಅಂತ ನೆಂಟರು ಹೇಳ್ತಿದ್ದಾರೆ. ಬಿಡಿಸಲಾ?' ಇದು ಅವರ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ, ಓದಿದ್ದು ಎಂಜಿನಿಯರಿಂಗ್. ಆದರೆ ಒಂದು ವಾರ ಈ ವಿಷಯ ಬೆನ್ನು ಹತ್ತಿದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡ್ತೀನಿ.

ಮೊದಲು, ಈ ಧ್ವನಿ ಅಂದರೆ ಏನು? ವೈದ್ಯರು ಇದಕ್ಕೆ ಶ್ರವಣ ಭ್ರಮೆ ಅಂತಾರೆ. ನಮ್ಮ ಊರುಗಳಲ್ಲಿ ಗಾಳಿ ಸೋಕಿದೆ ಅಂತಾರೆ, ಮಾಟ ಅಂತಾರೆ. ಎರಡೂ ಅಲ್ಲ ಸ್ವಾಮಿ. ಹಾಗೆಯೇ, ಧ್ವನಿ ಕೇಳಿಸಿದವರಿಗೆಲ್ಲ ಸ್ಕಿಜೋಫ್ರೇನಿಯಾ ಇರಬೇಕು ಅಂತಲೂ ಇಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಅವರು ಕರೆದ ಹಾಗೆ ಕೇಳಿಸಬಹುದು. ಕುಡಿತ ತಟ್ಟನೆ ಬಿಟ್ಟವರಿಗೆ, ಮೂರ್ಛೆ ರೋಗ ಇರುವವರಿಗೆ, ಕಿವಿ ಮಂದವಾದ ವಯಸ್ಸಾದವರಿಗೂ ಕೇಳಿಸಬಹುದು. ಸ್ಕಿಜೋಫ್ರೇನಿಯಾದಲ್ಲಿ ಮಾತ್ರ ಇದು ತೀವ್ರವಾಗಿ, ಬಿಡದೆ ಕಾಡುತ್ತೆ. ಪ್ರಪಂಚದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಆ ಕಾಯಿಲೆ ಇದೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

ನನಗೆ ಅರ್ಥವಾದ ರೀತಿಯಲ್ಲಿ ಹೇಳ್ತೀನಿ. ಮೊಬೈಲ್‌ನಲ್ಲಿ ಸ್ಪೀಕರ್ ಹಾಕಿ ಮಾತಾಡುವಾಗ ಆ ಕಡೆಯವರ ಧ್ವನಿ ನಿಮ್ಮ ಮೈಕ್‌ಗೆ ಬಿದ್ದು ವಾಪಸ್ ಅವರಿಗೇ ಹೋಗಬೇಕು ತಾನೇ? ಹೋಗಲ್ಲ. ಫೋನಿನೊಳಗೆ ಅದನ್ನು ಗುರುತಿಸಿ ಅಳಿಸುವ ಒಂದು ವ್ಯವಸ್ಥೆ ಇದೆ. ನಮ್ಮ ಮಿದುಳಲ್ಲೂ ಅಂಥದ್ದೊಂದಿದೆ. ಮನಸ್ಸಿನಲ್ಲಿ ನಾವು ಆಡಿಕೊಳ್ಳುವ ಮಾತಿಗೆ 'ಇದು ನನ್ನದೇ' ಅಂತ ಅದು ಮುದ್ರೆ ಒತ್ತುತ್ತೆ. ಆ ಮುದ್ರೆ ಬೀಳದಿದ್ದರೆ ಸ್ವಂತ ಮಾತೇ ಹೊರಗಿನವರ ಮಾತಾಗಿ ಕೇಳಿಸುತ್ತೆ. ಎಲ್ಲವನ್ನೂ ಇದೊಂದೇ ವಿವರಿಸಲ್ಲ, ಆದರೆ ಬಲವಾದ ವಾದ ಇದು. 1993ರಲ್ಲಿ ಲಂಡನ್ನಿನ ಸಂಶೋಧಕರು ಧ್ವನಿ ಕೇಳಿಸುತ್ತಿರುವಾಗಲೇ ರೋಗಿಗಳ ಮಿದುಳು ಸ್ಕ್ಯಾನ್ ಮಾಡಿದರು. ನಾವು ಮಾತಾಡುವಾಗ ಕೆಲಸ ಮಾಡುವ ಭಾಗವೇ ಅಲ್ಲಿ ಚುರುಕಾಗಿತ್ತು.

ಅಂದರೆ, ಆ ಹುಡುಗ ಸುಳ್ಳು ಹೇಳ್ತಿಲ್ಲ. ಅವನಿಗೆ ನಿಜವಾಗಿಯೂ ಕೇಳಿಸ್ತಿದೆ. ಇದನ್ನು ಮನೆಯವರು ಮೊದಲು ನಂಬಬೇಕು.

ಇನ್ನು ಚೀನಾಕ್ಕೆ ಹೋಗೋಣ. ಅಲ್ಲಿನವರು ಈ ಕಾಯಿಲೆಯನ್ನು ನಿನ್ನೆ ಮೊನ್ನೆ ಕಂಡವರಲ್ಲ. ಸುಮಾರು ಎರಡು ಸಾವಿರ ವರ್ಷ ಹಳೆಯದಾದ 'ಹುವಾಂಗ್‌ದಿ ನೇಯ್‌ಜಿಂಗ್' ಅನ್ನುವ ವೈದ್ಯಗ್ರಂಥದಲ್ಲೇ, ಉನ್ಮಾದದಲ್ಲಿ ಕಣ್ಣಿಗೆ ಇಲ್ಲದ್ದು ಕಾಣುತ್ತೆ, ಕಿವಿಗೆ ಇಲ್ಲದ್ದು ಕೇಳುತ್ತೆ ಅನ್ನುವ ವಿವರಣೆ ಇದೆ. ಅವರು ಅದಕ್ಕೆ ಕೊಟ್ಟ ಕಾರಣ ದೆವ್ವ ಅಲ್ಲ, ದೇಹದ ಪ್ರಾಣಶಕ್ತಿ, ಅಂದರೆ 'ಚಿ', ಕುಗ್ಗಿರುವುದು. ಏಳನೇ ಶತಮಾನದ ಸುನ್ ಸಿಮಿಯಾವ್ ಅನ್ನುವ ಪ್ರಸಿದ್ಧ ವೈದ್ಯ ಹುಚ್ಚಿಗೆ ಸೂಜಿ ಚುಚ್ಚುವ ಹದಿಮೂರು ಜಾಗ ಬರೆದಿಟ್ಟ. ಅವುಗಳ ಹೆಸರೇ ದೆವ್ವದ ಬಿಂದುಗಳು! ಮೊದಲನೆಯದು ಮೂಗಿಗೂ ಮೇಲ್ದುಟಿಗೂ ನಡುವೆ. ಕಿವಿಯ ಮುಂದೆ ಇನ್ನೊಂದು ಬಿಂದು ಇದೆ, ಹೆಸರು 'ಟಿಂಗ್‌ಗೊಂಗ್', ಕೇಳುವಿಕೆಯ ಅರಮನೆ ಅಂತ ಅರ್ಥ. ಕಿವಿಯ ತೊಂದರೆಗಳಿಗೆ ಅಲ್ಲಿ ಸೂಜಿ ಚುಚ್ಚುತ್ತಾರೆ.

ಕಷಾಯದ ಲೆಕ್ಕವೂ ನಮ್ಮ ಆಯುರ್ವೇದ ಬಲ್ಲವರಿಗೆ ಪರಿಚಿತ ಅನ್ನಿಸುತ್ತೆ. ಮನಸ್ಸಿನ ಜಾಗ ಹೃದಯ. ಕಫ ಕಟ್ಟಿ ಹೃದಯದ ಬಾಗಿಲು ಮುಚ್ಚಿದರೆ ಬುದ್ಧಿ ಮಂಕಾಗುತ್ತೆ. ಆ ಕಫ ಕರಗಿಸೋಕೆ 'ವೆನ್‌ದಾನ್ ತಾಂಗ್' ಅನ್ನುವ ಕಷಾಯ. ಕಿತ್ತಳೆ ಸಿಪ್ಪೆ, ಬಿದಿರಿನ ಹೆರೆ, ಶುಂಠಿ, ಜ್ಯೇಷ್ಠಮಧು ಎಲ್ಲಾ ಅದರಲ್ಲಿದೆ.

ಚೆನ್ನಾಗಿದೆ. ಆದರೆ ಹಳೆಯದು ಅನ್ನೋದು ಒಂದು ವಿಷಯ, ಕೆಲಸ ಮಾಡುತ್ತೆ ಅನ್ನೋದು ಇನ್ನೊಂದು ವಿಷಯ. ಕೆಲಸ ಮಾಡುತ್ತಾ?

ಪರೀಕ್ಷೆಗಳು ನಡೆದಿವೆ, ಹೆಚ್ಚಿನವು ಚೀನಾದಲ್ಲೇ. ಕಾಕ್ರೇನ್ ಅಂತ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ. ಒಂದು ಚಿಕಿತ್ಸೆಯ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಗುಡ್ಡೆ ಹಾಕಿ ಜರಡಿ ಹಿಡಿಯೋದೇ ಅವರ ಕೆಲಸ. ಸ್ಕಿಜೋಫ್ರೇನಿಯಾಕ್ಕೆ ಅಕ್ಯುಪಂಕ್ಚರ್ ಬಗ್ಗೆ 2014ರಲ್ಲಿ ಅವರು 30 ಪರೀಕ್ಷೆಗಳನ್ನು ನೋಡಿದರು. ವೆನ್‌ದಾನ್ ಕಷಾಯದ ಬಗ್ಗೆ 2017ರಲ್ಲಿ 15 ಪರೀಕ್ಷೆ. ಎರಡರ ಸಾರವೂ ಹೆಚ್ಚೂಕಡಿಮೆ ಒಂದೇ: ಸ್ವಲ್ಪ ಅನುಕೂಲ ಇದ್ದ ಹಾಗೆ ಕಾಣುತ್ತೆ, ಆದರೆ ಪರೀಕ್ಷೆಗಳ ಗುಣಮಟ್ಟ ಕಡಿಮೆ, ನಂಬಿ ಕೂರೋ ಹಾಗಿಲ್ಲ.

ಯಾಕೆ ನಂಬೋ ಹಾಗಿಲ್ಲ? ಇಲ್ಲಿ ಸ್ವಲ್ಪ ಗಮನ ಕೊಡಿ. ಒಂದು ಗುಂಪಿಗೆ ಪೂರ್ತಿ ಡೋಸ್ ಮಾತ್ರೆ. ಇನ್ನೊಂದು ಗುಂಪಿಗೆ ಕಡಿಮೆ ಡೋಸ್ ಮಾತ್ರೆ, ಜೊತೆಗೆ ಸೂಜಿ. ಎರಡನೇ ಗುಂಪಿನಲ್ಲಿ ಕೈ ನಡುಕ, ಮೈ ಬಿಗಿತ ಕಡಿಮೆ ಕಂಡಿತು. ಸೂಜಿಯ ಮಹಿಮೆ ಅಂತೀರಾ? ಮಾತ್ರೆಯನ್ನೇ ಕಡಿಮೆ ಕೊಟ್ಟಿದ್ದಾರಲ್ಲ! ನಡುಕ ಬರೋದು ಮಾತ್ರೆಯಿಂದ. ಎರಡು ಸ್ವಿಚ್ ಒಟ್ಟಿಗೆ ಒತ್ತಿ, ಬಲ್ಬ್ ಹತ್ತಿದ್ದು ಯಾವುದರಿಂದ ಅಂತ ಹೇಳಿದರೆ ನಮ್ಮ ಲ್ಯಾಬ್ ಮೇಷ್ಟ್ರು ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕ್ತಿರಲಿಲ್ಲ.

ಇನ್ನೊಂದು ತೊಡಕು. ಸಕ್ಕರೆ ಗುಳಿಗೆ ಕೊಟ್ಟು ಮಾತ್ರೆಯನ್ನು ಪರೀಕ್ಷೆ ಮಾಡಬಹುದು. ಸೂಜಿಗೆ ಏನು ಕೊಡ್ತೀರಿ? ನಾಟಕದ ಚೂರಿ ಥರ, ಚುಚ್ಚಿದ ಹಾಗೆ ಅನ್ನಿಸಿ ಹಿಡಿಕೆಯೊಳಗೇ ಸರಿಯುವ ಸುಳ್ಳು ಸೂಜಿಗಳಿವೆ. ಇಂಥ ಹೋಲಿಕೆ ಇಲ್ಲದಿದ್ದರೆ ಗುಣ ಸೂಜಿಯದೋ, ಅರ್ಧ ಗಂಟೆ ಪಕ್ಕದಲ್ಲಿ ಕೂತು ಪ್ರೀತಿಯಿಂದ ಮಾತಾಡಿಸಿದ ವೈದ್ಯನದೋ ಗೊತ್ತಾಗಲ್ಲ.

ಆದರೆ ನೆಂಟರು ಹೇಳದ ಒಂದು ಮಾತು ಈ ಪರೀಕ್ಷೆಗಳಲ್ಲೇ ಇದೆ. ಬಹುತೇಕ ಕಡೆ ಚೀನಾದ ವೈದ್ಯರೇ ಸೂಜಿಯನ್ನು ಮಾತ್ರೆಯ ಜೊತೆಗೆ ಕೊಟ್ಟಿದ್ದಾರೆ. ಸೂಜಿ ಹುಟ್ಟಿದ ದೇಶದವರೇ ಮಾತ್ರೆ ಬಿಡಿಸಲಿಲ್ಲ. ನಾವು ಇಲ್ಲಿ ಬಿಡಿಸೋಕೆ ಹೊರಟಿದ್ದೀವಿ!

'ಗಿಡಮೂಲಿಕೆ ತಾನೇ, ಏನಾಗುತ್ತೆ?' ಅಂತೀರಿ. ಕೇಳಿ. 1830ರಲ್ಲಿ ವಾಂಗ್ ಚಿಂಗ್‌ರೆನ್ ಅನ್ನುವ ಚೀನೀ ವೈದ್ಯ ಒಂದು ಪುಸ್ತಕ ಬರೆದ. ದೊಡ್ಡ ಧೈರ್ಯಸ್ಥ. ಹಳೆಯ ಗ್ರಂಥಗಳ ಅಂಗರಚನೆ ತಪ್ಪು ಅಂತ ಶವಗಳನ್ನು ಕಣ್ಣಾರೆ ನೋಡಿ ಹೇಳಿದವನು, ನೆನಪು ಇರೋದು ಹೃದಯದಲ್ಲಲ್ಲ, ಮಿದುಳಲ್ಲಿ ಅಂದವನು. ಉನ್ಮಾದದ ಕನಸಿನಿಂದ ಎಬ್ಬಿಸುವ ಕಷಾಯ ಅಂತಲೇ ಹೆಸರಿಟ್ಟು ಅವನೊಂದು ಕಷಾಯ ಕೊಟ್ಟ. ಅದರಲ್ಲಿ 'ಮುತೊಂಗ್' ಅನ್ನುವ ಬಳ್ಳಿ ಇದೆ. ಮುಂದೆ ಅದೇ ಹೆಸರಿನಲ್ಲಿ ಬೇರೆ ಬೇರೆ ಗಿಡಗಳು ಮಾರಾಟವಾದವು. ಅದರಲ್ಲೊಂದು ಮೂತ್ರಪಿಂಡವನ್ನೇ ಕೆಡಿಸುವ, ಕ್ಯಾನ್ಸರ್ ತರುವ ವಿಷ ಇರುವಂಥದ್ದು. 2003ರಲ್ಲಿ ಚೀನಾ ಸರ್ಕಾರವೇ ಅದನ್ನು ನಿಲ್ಲಿಸಿತು. ಮನಸ್ಸು ಶಾಂತ ಮಾಡುವ ಅಲ್ಲಿನ ಹಳೆಯ ಗುಳಿಗೆಯೊಂದರಲ್ಲಿ ಇಂಗುಲೀಕ ಇದೆ, ಅಂದರೆ ಪಾದರಸದ ಅದಿರು. ಜ್ಯೇಷ್ಠಮಧುವೂ ಅತಿಯಾದರೆ ರಕ್ತದ ಪೊಟ್ಯಾಸಿಯಂ ಇಳಿಸುತ್ತೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳ ಜೊತೆ ಅದು ಸೇರಿದರೆ ಹೃದಯದ ಬಡಿತಕ್ಕೇ ಅಪಾಯ.

ಹಾಗಂತ ಗಿಡಮೂಲಿಕೆಯೆಲ್ಲ ಮೋಸ ಅಂತಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಸರ್ಪಗಂಧ ಗೊತ್ತಲ್ಲ? 1931ರಲ್ಲೇ ಗಣನಾಥ ಸೇನ್, ಕಾರ್ತಿಕ್ ಚಂದ್ರ ಬೋಸ್ ಅನ್ನುವ ಇಬ್ಬರು ಬಂಗಾಳಿ ವೈದ್ಯರು ಅದನ್ನು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಬಳಸಿ ವರದಿ ಬರೆದರು. 1952ರಲ್ಲಿ ಅದರಿಂದ ರೆಸರ್ಪಿನ್ ಅನ್ನುವ ಔಷಧ ಬೇರ್ಪಡಿಸಿದರು. ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲೂ ಅದನ್ನು ಕೊಟ್ಟರು. ಆಮೇಲೆ ಅದಕ್ಕಿಂತ ಒಳ್ಳೆಯ ಮಾತ್ರೆಗಳು ಬಂದವು, ಅದು ಹಿಂದೆ ಸರಿಯಿತು. ಚೀನಾದ ತು ಯೂಯೂ ಹಳೆಯ ಗ್ರಂಥದ ಗಿಡದಿಂದಲೇ ಮಲೇರಿಯಾ ಔಷಧ ತೆಗೆದು 2015ರಲ್ಲಿ ನೊಬೆಲ್ ಪಡೆದರು. ಎರಡೂ ಗಿಡ ಪರೀಕ್ಷೆಯ ಕಟಕಟೆಗೆ ಬಂದು ನಿಂತವು. ನಮ್ಮದು, ಅವರದು ಅನ್ನೋದಲ್ಲ, ಪರೀಕ್ಷೆಗೆ ನಿಂತಿದ್ದು, ನಿಲ್ಲದಿದ್ದು ಅನ್ನೋದು ಮುಖ್ಯ.

ಈಗ ಆ ತಾಯಿಗೆ ನೇರವಾಗಿ ಹೇಳ್ತೀನಿ. ಅಮ್ಮಾ, ನಿಮ್ಮ ದೂರು ಸುಳ್ಳಲ್ಲ. ಮಾತ್ರೆಯಿಂದ ತೂಕ ಏರುತ್ತೆ, ಸಕ್ಕರೆ ಕಾಯಿಲೆ ಬರಬಹುದು, ಮಂಪರು ಬರುತ್ತೆ. ಡಾಕ್ಟರ್ ಐದು ನಿಮಿಷದಲ್ಲಿ ಚೀಟಿ ಬರೆದು ಕಳಿಸ್ತಾರೆ, ಅದೂ ನಿಜ. ಸೂಜಿಯವರ ಹತ್ತಿರ ಜನ ಹೋಗೋದು ಅದಕ್ಕೇ. ಆದರೆ ದಯವಿಟ್ಟು ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ. ನಿಲ್ಲಿಸಿದ ಮರುದಿನ ಏನೂ ಆಗಲ್ಲ, ಹುಡುಗ ಲವಲವಿಕೆಯಿಂದಲೂ ಇರ್ತಾನೆ. ಮೋಸ ಇರೋದೇ ಅಲ್ಲಿ. ಕೆಲವು ವಾರ, ಕೆಲವು ತಿಂಗಳ ನಂತರ ಧ್ವನಿ ವಾಪಸ್ ಬರುತ್ತೆ, ಕೆಲವರಿಗೆ 'ಸಾಯಿ' ಅಂತ ಆಜ್ಞೆ ಮಾಡುವ ಧ್ವನಿಯಾಗಿ.

ಅದರ ಬದಲು ಡಾಕ್ಟರ್ ಮುಂದೆ ಕೂತು ಕೇಳಿ. ಡೋಸ್ ಇಳಿಸಬಹುದಾ? ತೂಕ ಏರಿಸದ ಬೇರೆ ಮಾತ್ರೆ ಇದೆಯಾ? ಎರಡು ಮಾತ್ರೆ ಸರಿಯಾಗಿ ಕೊಟ್ಟರೂ ಧ್ವನಿ ನಿಲ್ಲದಿದ್ದರೆ ಕ್ಲೋಜಪಿನ್ ಅನ್ನುವ ಔಷಧ ಇದೆ. ರಕ್ತಪರೀಕ್ಷೆ ಮಾಡಿಸ್ತಾ ಕೊಡಬೇಕಾದ್ದು ಅದು. ಧ್ವನಿಯ ಜೊತೆ ಹೇಗೆ ಬದುಕೋದು ಅಂತ ಕಲಿಸುವ ಮಾತಿನ ಚಿಕಿತ್ಸೆ ಇದೆ. ಇಷ್ಟರ ಮೇಲೂ ಸೂಜಿ ಹಾಕಿಸಿದರೆ ಮಗನಿಗೆ ನೆಮ್ಮದಿ ಅನ್ನಿಸಿದರೆ, ಡಾಕ್ಟರ್‌ಗೆ ತಿಳಿಸಿ, ಹೊಸ ಸೂಜಿ ಬಳಸುವವರ ಹತ್ತಿರ ಹಾಕಿಸಿ. ಜೊತೆಗೆ ಹಾಕಿಸಿ, ಬದಲಿಗೆ ಅಲ್ಲ. ಹೆಸರು, ಪದಾರ್ಥ ಬರೆಯದ ಕಷಾಯ, ಪುಡಿ ಮಾತ್ರ ಬೇಡವೇ ಬೇಡ.

ಖರ್ಚಿನ ಚಿಂತೆಯೇ? ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೇ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇಂಥ ತೀವ್ರ ಕಾಯಿಲೆ ಇರುವವರಲ್ಲಿ ಶೇ. 70ಕ್ಕೂ ಹೆಚ್ಚು ಜನ ಚಿಕಿತ್ಸೆಯನ್ನೇ ಪಡೆಯುತ್ತಿಲ್ಲ. ನಿಮ್ಮ ಮಗ ಪಡೆಯುತ್ತಿದ್ದಾನೆ. ಆ ದಾರವನ್ನು ಕೈಯಿಂದ ಬಿಡಬೇಡಿ.

ಕೊನೆಗೆ ಒಂದು ಮಾತು. ಸ್ಟ್ಯಾನ್‌ಫರ್ಡ್‌ನ ತಾನ್ಯಾ ಲೂರ್ಮನ್ ಅನ್ನುವ ಸಂಶೋಧಕಿ ಅಮೆರಿಕ, ಆಫ್ರಿಕಾದ ಘಾನಾ ಮತ್ತು ನಮ್ಮ ಚೆನ್ನೈನಲ್ಲಿ ತಲಾ 20 ರೋಗಿಗಳನ್ನು ಮಾತಾಡಿಸಿದರು. ಅಮೆರಿಕದವರಿಗೆ ಕೇಳಿಸಿದ್ದು ಹೆಚ್ಚಾಗಿ ಹಿಂಸೆಯ ಮಾತು. ಚೆನ್ನೈನ ಹಲವರಿಗೆ ಕೇಳಿಸಿದ್ದು ಮನೆಯವರ ಧ್ವನಿ, ಸ್ನಾನ ಮಾಡು, ಅಡುಗೆ ಮಾಡು ಅನ್ನುವ ಥರದ್ದು. ಕಾಯಿಲೆಯ ಒಳಗೂ ಮನೆ ಮಾತಾಡುತ್ತೆ ನೋಡಿ.

ಹಾಗಾಗಿ ಮನೆಯವರು ಹೊರಗಿನಿಂದ ಆಡುವ ಮಾತಿಗೂ ಬೆಲೆ ಇದೆ. 'ನಾಟಕ ಆಡ್ಬೇಡ' ಅನ್ನಬೇಡಿ. 'ಏನು ಕೇಳಿಸ್ತಪ್ಪಾ ಇವತ್ತು?' ಅಂತ ಕೇಳಿ. ನಾನಂತೂ ಈಗ ಇಯರ್‌ಪೀಸ್ ಕಿತ್ತಿಟ್ಟು ಮನೆಗೆ ಹೋಗ್ತೀನಿ. ಅವನಿಗೆ ಆ ಅವಕಾಶ ಇಲ್ಲ. ಆದರೆ ಆ ಗದ್ದಲದ ನಡುವೆ ನಿಮ್ಮ ಧ್ವನಿಯೂ ಅವನಿಗೆ ಕೇಳಿಸುತ್ತೆ, ಅಮ್ಮಾ. ಮಾತಾಡ್ತಾ ಇರಿ.