ಮುಟ್ಟು ನಿಂತ ಮೇಲಿನ ಹಾರ್ಮೋನು ಮಾತ್ರೆ ಮತ್ತು ಮದ್ಯಪಾನ

(ವ್ಯಸನಮುಕ್ತ ದಿನದ ಅಂಗವಾಗಿ ಹೊರರೋಗಿಗಳ ವಿಭಾಗದಲ್ಲಿ ಮಹಿಳೆಯರಿಗಾಗಿ ಶುಶ್ರೂಷಾ ಬೋಧಕಿಯೊಬ್ಬರು ನೀಡಿದ ಉಪನ್ಯಾಸ)

 

ಇವತ್ತು ಆಗಸ್ಟ್ 1. ಇಳಕಲ್ಲಿನ ಚಿತ್ತರಗಿ ಪೀಠದ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. 1975ರಿಂದ ಅವರು ಜೋಳಿಗೆ ಹಿಡಿದು ಊರೂರು ತಿರುಗಿದರು. ದುಡ್ಡು ದವಸ ಬೇಡಲಿಲ್ಲ, ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಲಿಂಗೈಕ್ಯರಾದರು. ಅವರ ನೆನಪಿಗೆ ಈ ದಿನವನ್ನು ನಮ್ಮ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ವ್ಯಸನ ಎಂದ ಕೂಡಲೇ ನಾವೆಲ್ಲ ಗಂಡಸರ ಕಡೆ ನೋಡುತ್ತೇವೆ. ನಾನೂ ಹಾಗೆಯೇ ನೋಡುತ್ತಿದ್ದೆ. ರೋಗಿಯ ಕಾಗದದಲ್ಲಿ ‘ಮದ್ಯಪಾನ: ಹೌದು / ಇಲ್ಲ’ ಎಂಬ ಸಾಲು ಇರುತ್ತದೆ. ಹೆಂಗಸರು ಬಂದರೆ ಕೇಳದೆಯೇ ‘ಇಲ್ಲ’ ಎಂದು ಗುರುತು ಹಾಕುತ್ತಿದ್ದೆ. ಕೇಳಿದರೆ ಅವರಿಗೆ ಅವಮಾನವಾದೀತು ಎಂಬ ಸಂಕೋಚ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಬ್ಬ ತಾಯಿ ಬರುತ್ತಿದ್ದರು. ವಯಸ್ಸು ಇನ್ನೂ ನಲವತ್ತಾಗಿರಲಿಲ್ಲ. ಗರ್ಭಕೋಶ, ಎರಡೂ ಅಂಡಾಶಯ ತೆಗೆಸಿಕೊಂಡಿದ್ದರು. ಹಾರ್ಮೋನು ಮಾತ್ರೆ ಬರೆದುಕೊಟ್ಟಿತ್ತು. ಆದರೂ ರಾತ್ರಿ ಮೈ ಕಾವೇರಿ ಬೆವರುವುದು ನಿಂತಿರಲಿಲ್ಲ, ನಿದ್ದೆ ಇಲ್ಲ, ಎದೆ ಬಿಗಿದು ನೋವು. ಮಾತ್ರೆಯ ಪ್ರಮಾಣ ಹೆಚ್ಚಿಸಬೇಕೇನೋ ಎಂದು ವೈದ್ಯರು ಯೋಚಿಸುತ್ತಿದ್ದರು. ಮೂರನೆಯ ಸಲ ಬಂದಾಗ ಅತ್ತೆಯನ್ನು ಹೊರಗೆ ಕೂರಿಸಿ, ಪರದೆಯ ಹಿಂದೆ ಬಿ.ಪಿ. ನೋಡುತ್ತಿದ್ದೆ. ಆಗ ಅವರಾಗಿಯೇ ಮೆಲ್ಲಗೆ ಹೇಳಿದರು: “ಸಿಸ್ಟರಮ್ಮ, ನಿದ್ದಿ ಬರಲ್ರೀ. ಮಲಗೋ ಮುಂದ ಒಂದು ಪ್ಯಾಕೆಟ್ ತಗೋತೀನಿ. ಯಾರ ಮುಂದೂ ಹೇಳಬ್ಯಾಡ್ರಿ.”

ಮೂರು ಭೇಟಿಯ ಕಾಗದದಲ್ಲೂ ನನ್ನ ಕೈಯಲ್ಲೇ ‘ಇಲ್ಲ’ ಎಂದು ಬರೆದಿತ್ತು. ಅದಕ್ಕೇ ಇವತ್ತು ಈ ವಿಷಯ ಆರಿಸಿಕೊಂಡೆ.

ಹಾರ್ಮೋನು ಮಾತ್ರೆ ಯಾರಿಗೆ, ಯಾಕೆ?

ಹೆಂಗಸರ ಅಂಡಾಶಯದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ತಯಾರಾಗುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 45ರಿಂದ 50ರೊಳಗೆ ಅದು ಕಡಿಮೆಯಾಗಿ ಮುಟ್ಟು ನಿಲ್ಲುತ್ತದೆ. ಆಪರೇಷನ್ನಿನಲ್ಲಿ ಎರಡೂ ಅಂಡಾಶಯ ತೆಗೆದರೆ ಒಂದೇ ದಿನದಲ್ಲಿ ನಿಂತುಬಿಡುತ್ತದೆ. ಆಗ ಮೈ ಕಾವು, ರಾತ್ರಿ ಬೆವರು, ಸಿಡುಕು, ಯೋನಿಯಲ್ಲಿ ಒಣಗು, ಮೂಳೆ ಸವೆತ ಕಾಣಿಸಿಕೊಳ್ಳುತ್ತವೆ. ಇಂಥವರಲ್ಲಿ ಕೆಲವರಿಗೆ ವೈದ್ಯರು ಪರೀಕ್ಷೆ ಮಾಡಿ ಹಾರ್ಮೋನು ಕೊಡುತ್ತಾರೆ. ಗರ್ಭಕೋಶ ಇದ್ದವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಕೂಡ ಬೇಕು. ಇಲ್ಲವಾದರೆ ಗರ್ಭಕೋಶದ ಒಳಪದರ ದಪ್ಪವಾಗಿ ರಕ್ತಸ್ರಾವ, ಮುಂದೆ ಕ್ಯಾನ್ಸರ್ ಕೂಡ ಆಗಬಹುದು. ಗರ್ಭಕೋಶ ತೆಗೆದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು.

ಇಲ್ಲಿ ಒಂದು ಮಾತು. ಬಿಳಿ ಸೆರಗು, ಹೊಟ್ಟೆನೋವು ಎಂದ ಕೂಡಲೇ ಗರ್ಭಕೋಶ ತೆಗೆಸಲು ಅವಸರ ಬೇಡ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಹೆಂಗಸರಿಗೆ ಅನಗತ್ಯವಾಗಿ ಇಂಥ ಆಪರೇಷನ್ ಮಾಡಿದ್ದು 2015ರಲ್ಲಿ ಬಯಲಿಗೆ ಬಂತು. 2023ರಲ್ಲಿ ಸುಪ್ರೀಂ ಕೋರ್ಟು ಈ ಬಗ್ಗೆ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿದೆ. ಇನ್ನೊಬ್ಬ ವೈದ್ಯರನ್ನು ಕೇಳುವುದು ನಿಮ್ಮ ಹಕ್ಕು.

ಕುಡಿತದಿಂದ ಏನಾಗುತ್ತದೆ?

ತುಂಗಭದ್ರಾ ಕಾಲುವೆಯ ತೂಬು ನಿಮಗೆಲ್ಲ ಗೊತ್ತು. ಹೆಚ್ಚು ನೀರು ಒಮ್ಮೆಗೇ ನುಗ್ಗಿದರೆ ತೂಬು ತಡೆಯುವುದಿಲ್ಲ, ಗದ್ದೆಗೆ ಬೇಕಾದ್ದಕ್ಕಿಂತ ಹೆಚ್ಚು ಹೋಗುತ್ತದೆ. ನಮ್ಮ ಲಿವರ್ ಕೂಡ ಅಂಥ ತೂಬು. ನುಂಗಿದ ಹಾರ್ಮೋನು ಮಾತ್ರೆ ಕರುಳಿನಿಂದ ಮೊದಲು ಲಿವರಿಗೆ ಹೋಗುತ್ತದೆ. ಕುಡಿದ ಮದ್ಯವೂ ಅಲ್ಲಿಗೇ. ಮದ್ಯವನ್ನು ಅರಗಿಸುವ ಕೆಲಸದಲ್ಲಿ ಲಿವರ್ ಹಾರ್ಮೋನನ್ನು ಸರಿಯಾಗಿ ಹದಗೊಳಿಸಲಾರದು. 1996ರಲ್ಲಿ ಅಮೆರಿಕದಲ್ಲಿ ಮುಟ್ಟು ನಿಂತ ಹೆಂಗಸರ ಮೇಲೆ ಒಂದು ಸಣ್ಣ ಪರೀಕ್ಷೆ ನಡೆಯಿತು. ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಮದ್ಯ ಸೇವಿಸಿದಾಗ ರಕ್ತದಲ್ಲಿ ಈಸ್ಟ್ರೋಜನ್ ಸುಮಾರು ಮೂರು ಪಟ್ಟು ಏರಿತು. ಮಾತ್ರೆ ತೆಗೆದುಕೊಳ್ಳದವರಲ್ಲಿ ಹಾಗೆ ಏರಲಿಲ್ಲ. ಎಂದರೆ, ವೈದ್ಯರು ಬರೆದ ಪ್ರಮಾಣ ಒಂದು, ದೇಹಕ್ಕೆ ಸಿಗುವುದು ಇನ್ನೊಂದು.

ಎರಡನೆಯದು ಸ್ತನ ಕ್ಯಾನ್ಸರ್. ಎರಡೂ ಹಾರ್ಮೋನು ಸೇರಿದ ಮಾತ್ರೆಯ ಬಗ್ಗೆ ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಬಂತು. ವರ್ಷಕ್ಕೆ ಹತ್ತು ಸಾವಿರ ಹೆಂಗಸರಲ್ಲಿ 30 ಇದ್ದ ಸ್ತನ ಕ್ಯಾನ್ಸರ್ ಸಂಖ್ಯೆ ಮಾತ್ರೆ ತೆಗೆದುಕೊಂಡವರಲ್ಲಿ 38 ಆಗಿತ್ತು. ಗರ್ಭಕೋಶ ಇಲ್ಲದೆ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಈ ಹೆಚ್ಚಳ ಕಾಣಲಿಲ್ಲ. ಆದ್ದರಿಂದ ಮಾತ್ರೆಗೆ ಹೆದರಬೇಕಾಗಿಲ್ಲ, ವೈದ್ಯರ ನಿಗಾ ಬೇಕು ಅಷ್ಟೆ. ಆದರೆ ಮದ್ಯ ತಾನೇ ಕ್ಯಾನ್ಸರ್‌ಕಾರಕ. ದಿನಕ್ಕೆ ಪ್ರತಿ 10 ಗ್ರಾಂ ಮದ್ಯಸಾರಕ್ಕೆ ಸ್ತನ ಕ್ಯಾನ್ಸರಿನ ಅಪಾಯ ಶೇಕಡಾ 7ರಿಂದ 10ರಷ್ಟು ಹೆಚ್ಚುತ್ತದೆ. 90 ಮಿ.ಲೀ. ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ, ಶೇಕಡಾ 8ರ ಸ್ಟ್ರಾಂಗ್ ಬಿಯರಿನ ದೊಡ್ಡ ಬಾಟಲಿಯಲ್ಲಿ ಸುಮಾರು 40 ಗ್ರಾಂ ಮದ್ಯಸಾರ ಇರುತ್ತದೆ. ಇಷ್ಟು ಕುಡಿದರೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಮೂರನೆಯದು ನಿದ್ದೆ ಮತ್ತು ಕಾವು. ಕುಡಿದರೆ ಬೇಗ ಕಣ್ಣು ಹತ್ತುತ್ತದೆ ನಿಜ, ಆದರೆ ನಡುರಾತ್ರಿಯ ಮೇಲೆ ನಿದ್ದೆ ಒಡೆಯುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗಿ ಕಾವು, ಬೆವರು ಹೆಚ್ಚುತ್ತವೆ. ಯಾವುದಕ್ಕೆ ಮಾತ್ರೆ ನುಂಗುತ್ತೇವೋ ಅದನ್ನೇ ಕುಡಿತ ಮತ್ತೆ ತರುತ್ತದೆ.

ನಾಲ್ಕನೆಯದು ಮೂಳೆ. ಹಾರ್ಮೋನು ಮೂಳೆ ಕಾಯುತ್ತದೆ, ಅತಿ ಕುಡಿತ ಮೂಳೆ ಸವೆಸುತ್ತದೆ. ತಲೆ ತಿರುಗಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಕೂಲಿ, ಮನೆ ಎರಡೂ ನಿಲ್ಲುತ್ತವೆ.

“ಹಾಗಾದರೆ ಕುಡಿದ ದಿನ ಮಾತ್ರೆ ಬಿಟ್ಟರಾಯಿತಲ್ಲ?” ಎಂದು ಕೆಲವರು ಕೇಳುತ್ತಾರೆ. ಬೇಡ. ಮಾತ್ರೆ ತಪ್ಪಿಸಿದರೆ ತೊಂದರೆಗಳು ಮರಳುತ್ತವೆ, ಗರ್ಭಕೋಶ ಇದ್ದವರಲ್ಲಿ ನಡುವೆ ರಕ್ತ ಕಾಣಿಸಿಕೊಳ್ಳಬಹುದು. ಚರ್ಮಕ್ಕೆ ಹಚ್ಚುವ ಜೆಲ್, ಪಟ್ಟಿಗಳು ನೇರ ರಕ್ತಕ್ಕೆ ಸೇರುತ್ತವೆ. ಆದರೂ ಕುಡಿತದ ಸ್ವಂತ ಹಾನಿ ಹಾಗೆಯೇ ಉಳಿಯುತ್ತದೆ.

ಹಾರ್ಮೋನು ತೆಗೆದುಕೊಳ್ಳುವ ಲಿಂಗತ್ವ ಅಲ್ಪಸಂಖ್ಯಾತ ಅಕ್ಕಂದಿರಿಗೂ ಇದೇ ಮಾತು. ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ನುಂಗಬೇಡಿ, ರಕ್ತ ಹೆಪ್ಪುಗಟ್ಟುವ ಭಯವಿದೆ. ಸಂಕೋಚವಿಲ್ಲದೆ ವೈದ್ಯರ ಬಳಿ ಬನ್ನಿ.

ಏನು ಮಾಡಬೇಕು?

• ಮಾತ್ರೆ ಆರಂಭಿಸುವ ಮೊದಲೇ ಕುಡಿಯುವ ಅಭ್ಯಾಸ, ಕಾಮಾಲೆ, ಸ್ತನದ ಗಂಟು, ಹಿಂದೆ ರಕ್ತ ಹೆಪ್ಪುಗಟ್ಟಿದ್ದು, ಎಲ್ಲವನ್ನೂ ವೈದ್ಯರಿಗೆ ಹೇಳಿ.
• ಬಹಳ ವರ್ಷದಿಂದ ದಿನಾ ಕುಡಿಯುವವರು ಮನೆಯಲ್ಲಿ ಒಮ್ಮೆಗೇ ನಿಲ್ಲಿಸಬೇಡಿ. ಕೈನಡುಕ, ಫಿಟ್ಸ್, ಭ್ರಮೆ ಬರಬಹುದು. ವೈದ್ಯರ ನಿಗಾದಲ್ಲಿ ಬಿಡಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಸಲಹೆ ಉಚಿತ.
• ಮಲಗುವ ಕೋಣೆಗೆ ಗಾಳಿ, ಹತ್ತಿ ಬಟ್ಟೆ, ಸಂಜೆಯ ಮೇಲೆ ಚಹಾ ಕಡಿಮೆ, ದಿನವೂ ನಡಿಗೆ. ಊಟದಲ್ಲಿ ರಾಗಿ, ಎಳ್ಳು, ಹಾಲು, ಮಜ್ಜಿಗೆ, ಸೊಪ್ಪು ಇರಲಿ.
• ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸ್ತನದಲ್ಲಿ ಗಂಟು ಸಿಕ್ಕರೆ, ಕಣ್ಣು ಹಳದಿಯಾದರೆ, ಒಂದು ಕಾಲು ಮಾತ್ರ ಬಾತು ನೋವಾದರೆ ತಡಮಾಡದೆ ಬನ್ನಿ. ಎದೆನೋವು, ಉಸಿರುಕಟ್ಟು, ಕೈಕಾಲಿನ ಬಲ ಹೋದರೆ 108ಕ್ಕೆ ಕರೆ ಮಾಡಿ.

ಆ ತಾಯಿ ಅಂದು ವೈದ್ಯರ ಮುಂದೆ ತಾವೇ ಹೇಳಲು ಒಪ್ಪಿದರು. ಪ್ರಮಾಣ ಹೆಚ್ಚಿಸಲಿಲ್ಲ. ಲಿವರ್ ಪರೀಕ್ಷೆ ಆಯಿತು. ಪ್ಯಾಕೆಟ್ ಬಿಡಲು ಕೆಲವು ತಿಂಗಳು ಹಿಡಿಯಿತು, ನಡುವೆ ಒಮ್ಮೆ ಜಾರಿದರು, ಮತ್ತೆ ಬಂದರು. ಕೊನೆಗೆ ಅದೇ ಹಳೆಯ ಪ್ರಮಾಣದಲ್ಲೇ ರಾತ್ರಿಯ ಬೆವರು ತಗ್ಗಿತು. ಈಗ ನಾನು ವಿದ್ಯಾರ್ಥಿನಿಯರಿಗೆ ಕಲಿಸುವ ಮೊದಲ ಪಾಠ: ಪ್ರತಿ ಹೆಂಗಸನ್ನೂ, ಒಬ್ಬರೇ ಇದ್ದಾಗ, ಮರ್ಯಾದೆಯಿಂದ ಕೇಳಿ. ಕೇಳದೆ ‘ಇಲ್ಲ’ ಎಂದು ಬರೆಯಬೇಡಿ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನವರಿದ್ದರು. ಹೆಂಡ ಮಾರುವುದು ಅವರ ಕಾಯಕ. ಕುಡಿಯಲು ಬಂದವರನ್ನು ಅವರು ಬೈದು ಅಟ್ಟಲಿಲ್ಲ, ಬುದ್ಧಿ ಹೇಳಿ ಕುಡಿತ ಬಿಡಿಸುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಇಲ್ಲಿಯೂ ನಿಮ್ಮನ್ನು ಯಾರೂ ಬೈಯುವುದಿಲ್ಲ. ಮಹಾಂತ ಶಿವಯೋಗಿಗಳ ಜೋಳಿಗೆಗೆ ಇವತ್ತು ಚಟದ ಜೊತೆಗೆ ಅದನ್ನು ಮುಚ್ಚಿಡುವ ಅಭ್ಯಾಸವನ್ನೂ ಹಾಕಿಬಿಡೋಣ.