ನೆಲ ನಿಂತರೆ ದಾರಿ

ಅಮರಕೋಶವು ಭೂಮಿಗೆ ಹೇಳುವ ಹೆಸರುಗಳಲ್ಲಿ ‘ಅಚಲಾ’ ಎಂಬುದೊಂದು, ‘ಸ್ಥಿರಾ’ ಎಂಬುದಿನ್ನೊಂದು. ಅಲುಗದವಳು, ನೆಲೆ ನಿಂತವಳು ಎಂದು ಅರ್ಥ. ಎಷ್ಟೋ ವರ್ಷ ಹುಡುಗರಿಂದ ಇದನ್ನು ಬಾಯಿಪಾಠ ಮಾಡಿಸಿದವನು ನಾನು. ಒಂದು ವರ್ಷ ನಮ್ಮ ಶಾಲೆಯ ಮುಂದಿನ ಡಾಂಬರು ರಸ್ತೆ ಬಿರುಕುಬಿಟ್ಟು ಕುಸಿಯಿತು. ಆ ಬಿರುಕಿನಲ್ಲಿ ಸೈಕಲ್ಲಿನ ಗಾಲಿ ಸಿಕ್ಕಿ, ನನ್ನ ತರಗತಿಯ ಹುಡುಗನೊಬ್ಬ ಬಿದ್ದು ಕೈ ಮುರಿದುಕೊಂಡ. ಕೈಗೆ ಕಟ್ಟು ಹಾಕಿಸಿಕೊಂಡು ತರಗತಿಗೆ ಬಂದವನು, “ಸ್ಥಿರಾ ಅಂದರೆ ಯಾರು ಸರ್?” ಎಂದು ಕೇಳಿದ. ಉಳಿದ ಹುಡುಗರು ನಕ್ಕರು. ನನಗೆ ಉತ್ತರ ತೋಚಲಿಲ್ಲ. ಆ ಉತ್ತರವನ್ನು ಅರಸಿ ನಾನು ತಿಳಿದುಕೊಂಡಷ್ಟನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನಮ್ಮದು ಎರೆಯ ಸೀಮೆ. ಹತ್ತಿಗೆ, ಜೋಳಕ್ಕೆ ತಾಯಿಯಾದ ಈ ಕರಿಯ ಮಣ್ಣು ರಸ್ತೆಗೆ ಮಾತ್ರ ಮಲತಾಯಿ. ಬೇಸಗೆಯಲ್ಲಿ ಕುಗ್ಗಿ, ಅಂಗೈ ತೂರುವಷ್ಟು ಬಿರುಕುಬಿಡುತ್ತದೆ; ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ವರ್ಷವರ್ಷವೂ ಹೀಗೆ ಏರಿಳಿಯುವ ನೆಲದ ಮೇಲೆ ಡಾಂಬರಿನ ತೆಳು ಹೊದಿಕೆ ಎಷ್ಟು ದಿನ ಉಳಿದೀತು? ನಮ್ಮ ರಸ್ತೆಗೆ ಮೂರು ಸಲ ತೇಪೆ ಹಾಕಿದರು. ಮೂರು ಸಲವೂ ಅದು ಕಿತ್ತುಹೋಯಿತು. ನಾಲ್ಕನೆಯ ಸಲ ಕೆಲಸಕ್ಕೆ ಬಂದ ಇಂಜಿನಿಯರು ನನ್ನ ಹಳೆಯ ಶಿಷ್ಯನೇ ಆಗಿದ್ದ. ಗುದ್ದಲಿಯಿಂದ ಒಂದು ಮೊಳ ಅಗೆಸಿ, “ಗುರುಗಳೇ, ರೋಗ ಹೊಟ್ಟೆಯಲ್ಲಿದೆ; ಇಷ್ಟು ದಿನ ಚರ್ಮಕ್ಕೆ ಮುಲಾಮು ಹಚ್ಚಿದರು” ಎಂದ. ಅಂದು ಶಿಷ್ಯನೇ ಗುರುವಾದ.

ಎರೆಮಣ್ಣಿನ ಕಣಗಳು ಪುಸ್ತಕದ ಹಾಳೆಗಳಂತೆ ಪದರುಪದರಾಗಿವೆ. ಹಾಳೆಗಳ ನಡುವೆ ನೀರು ಹೊಕ್ಕರೆ ಪುಸ್ತಕ ಊದಿಕೊಳ್ಳುತ್ತದೆ. ಇದಕ್ಕೆ ಮದ್ದು ನಮ್ಮ ಮನೆಯಲ್ಲೇ ಇರುವ ಸುಣ್ಣ. ಸುಣ್ಣ ಬೆರೆತೊಡನೆ ಅದರ ಕ್ಯಾಲ್ಸಿಯಂ ಆ ಪದರುಗಳನ್ನು ಸೇರಿ, ಅವು ನೀರು ಹೀರುವುದನ್ನು ತಗ್ಗಿಸುತ್ತದೆ. ಜಿಗುಟು ಮಣ್ಣು ಕೆಲವೇ ಗಂಟೆಗಳಲ್ಲಿ ಪುಡಿಪುಡಿಯಾಗುತ್ತದೆ. ಅನಂತರ ವಾರ, ತಿಂಗಳುಗಳ ಕಾಲ ಸುಣ್ಣವೂ ಮಣ್ಣಿನ ಸಿಲಿಕಾ, ಅಲ್ಯುಮಿನಾಗಳೂ ಕೂಡಿ ಸಿಮೆಂಟಿನಂಥ ಅಂಟಾಗಿ ಗಟ್ಟಿಗೊಳ್ಳುತ್ತವೆ. ಇದು ವೀಳ್ಯದ ಲೆಕ್ಕದಂತೆ: ಸುಣ್ಣ ಕಡಮೆಯಾದರೆ ರುಚಿಯಿಲ್ಲ, ಹೆಚ್ಚಾದರೆ ಬಾಯಿ ಸುಟ್ಟೀತು. ಒಣಮಣ್ಣಿನ ತೂಕದಲ್ಲಿ ನೂರಕ್ಕೆ ಸುಮಾರು 3ರಿಂದ 6 ಪಾಲು ಸುಣ್ಣ ಸಾಕಾಗುವುದು ವಾಡಿಕೆ. ಸರಿಯಾದ ಪ್ರಮಾಣವನ್ನು ಆಯಾ ಮಣ್ಣನ್ನು ಪರೀಕ್ಷಿಸಿಯೇ ನಿರ್ಣಯಿಸತಕ್ಕದ್ದು. ಚೆನ್ನಾಗಿ ಬೆರೆಸಬೇಕು, ಹದವಾಗಿ ನೀರುಣಿಸಬೇಕು, ರೋಲರಿನಿಂದ ಒತ್ತಬೇಕು, ಕೆಲವು ದಿನ ತೇವ ಆರದಂತೆ ಕಾಯಬೇಕು. ಮರಳುನೆಲಕ್ಕೆ ಸುಣ್ಣ ಒಗ್ಗದು. ಕೂಡಿಕೊಳ್ಳಲು ಅಲ್ಲಿ ಜೇಡಿಯೇ ಇಲ್ಲ. ಅದಕ್ಕೆ ಸಿಮೆಂಟೇ ತಕ್ಕ ಮದ್ದು.

ಬಯಲಿನಲ್ಲಿ ನೆಲ ಕಾಲಕೆಳಗೆ ಕೆಡುತ್ತದೆ. ಘಟ್ಟದಲ್ಲಿ ಪಕ್ಕದಿಂದ ಮೈಮೇಲೆ ಬೀಳುತ್ತದೆ. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗ ಬೆಟ್ಟಗಳನ್ನು ಕಡಿದು ಮಾಡಿದ ದಾರಿ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ಗಾಡಿ, ವೈಭವವಾಡಿಯ ಬಳಿ ಹಳಿಯ ಮೇಲೆ ಜರಿದಿದ್ದ ಬಂಡೆಗಳಿಗೆ ಬಡಿಯಿತು. ಐವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದುದನ್ನಂತೂ ನೀವು ಮರೆತಿರಲಾರಿರಿ.

ಕಡಿದ ಗುಡ್ಡವನ್ನು ನಿಲ್ಲಿಸುವ ಉಪಾಯಗಳಲ್ಲಿ ಮೊದಲನೆಯದು, ಕಡಿದಾದ ಮೈಯನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಜಾರು ಮಾಡುವುದು. ಅದಕ್ಕೆ ಎಡೆಯಿಲ್ಲದಲ್ಲಿ ಮಣ್ಣಿಗೆ ಮೊಳೆ ಹೊಡೆಯುತ್ತಾರೆ! ಗುಡ್ಡದೊಳಕ್ಕೆ ಆಳವಾಗಿ ಕೊರೆದು, ಉಕ್ಕಿನ ಸಲಾಕೆ ತೂರಿಸಿ, ಸುತ್ತ ಸಿಮೆಂಟಿನ ಗಂಜಿ ತುಂಬುತ್ತಾರೆ. ಹೊರಮೈಗೆ ಜಾಲರಿ ಹೊದಿಸಿ ಕಾಂಕ್ರೀಟು ಚಿಮುಕಿಸುತ್ತಾರೆ. ಮಣ್ಣು ಒತ್ತಡವನ್ನು ತಾಳಬಲ್ಲುದು, ಎಳೆತವನ್ನು ತಾಳಲಾರದು. ಆ ಕೊರತೆಯನ್ನು ಉಕ್ಕು ತುಂಬುತ್ತದೆ. 1972ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲುದಾರಿಯನ್ನು ಅಗಲಗೊಳಿಸುವಾಗ ಈ ಕ್ರಮ ಬಳಕೆಗೆ ಬಂದಿತು.

ಇದೇ ಕೆಲಸವನ್ನು ನಮ್ಮ ಲಾವಂಚದ ಬೇರು ಸದ್ದಿಲ್ಲದೆ ಮಾಡುತ್ತದೆ. ಬೇಸಗೆಯಲ್ಲಿ ತಟ್ಟಿಯಾಗಿ ಮನೆಯನ್ನು ತಂಪು ಮಾಡುವ ಆ ಬೇರು ನೆಲದಲ್ಲಿ ಎರಡು ಮೂರು ಮೀಟರು ನೇರವಾಗಿ ಇಳಿದು, ಮೇಲ್ಮಣ್ಣನ್ನು ಬಿಗಿದು ಹಿಡಿಯುತ್ತದೆ. ಆದರೆ ಆಳದಿಂದ ಜಾರುವ ಗುಡ್ಡವನ್ನು ಬರಿಯ ಹುಲ್ಲು ತಡೆಯಲಾರದು.

ಈ ಎಲ್ಲ ಉಪಾಯಗಳ ಹಿಂದೆಯೂ ಎದುರಾಳಿ ಒಬ್ಬನೇ—ನೀರು. ಮೊಳೆ ಹೊಡೆದ ಗೋಡೆಯಲ್ಲಿ ನೀರು ಹೊರಡಲು ರಂಧ್ರ ಬಿಡದಿದ್ದರೆ ಗೋಡೆಯೇ ಗುಡ್ಡದ ಜೊತೆ ಬರುತ್ತದೆ. ನಮ್ಮ ಶಾಲೆಯ ಮುಂದೆಯೂ ಶಿಷ್ಯ ಸುಣ್ಣ ಬೆರೆಸುವ ಮೊದಲು ಹೂತುಹೋಗಿದ್ದ ಗಟಾರವನ್ನು ತೋಡಿಸಿದ. ಅದರಲ್ಲಿ ಸಿಕ್ಕಿದ್ದೇನು? ನಮ್ಮ ಮನೆಗಳ ಕಸ, ಅಂಗಡಿಗಳ ಕಲ್ಲುಚಪ್ಪಡಿ, ನಮ್ಮ ಶಾಲೆಯದೇ ಒಂದು ಮುರಿದ ಬೆಂಚು! ಹುಡುಗನ ಕೈ ಮುರಿದುದರಲ್ಲಿ ನನ್ನ ಪಾಲೂ ಇತ್ತೆಂದು ಅಂದು ತಿಳಿಯಿತು. ಆ ಬಳಿಕ ಎರಡು ಮಳೆಗಾಲ ಕಳೆದಿವೆ, ರಸ್ತೆ ನಿಂತಿದೆ. ಮಳೆಗಾಲಕ್ಕೆ ಮೊದಲು ನಾವೂ ಹುಡುಗರೂ ಆ ಗಟಾರದ ಕಸ ತೆಗೆಯುತ್ತೇವೆ.

ಸುಣ್ಣವನ್ನೂ ಮೊಳೆಯನ್ನೂ ಇಂಜಿನಿಯರು ತಂದಾನು. ಮನೆಮುಂದಿನ ಗಟಾರವನ್ನು ಬಿಡಿಸಿಡುವುದು ನಿಮ್ಮ ಕೆಲಸ, ನನ್ನ ಕೆಲಸ. ಆ ಹುಡುಗನಿಗೆ ಈಗ ನಾನು ಹೇಳುವ ಉತ್ತರ ಇಷ್ಟೇ: ‘ಸ್ಥಿರಾ’ ಎಂಬುದು ಭೂಮಿಯ ಹೆಸರು, ಅದನ್ನು ನಿಜ ಮಾಡುವುದು ಅವಳ ಮೇಲೆ ನಡೆಯುವವರ ಹೊಣೆ.